ಬ್ರಿಗೇಡ್ ರೋಡ್ ಸ್ಮಾರಕ, ಆಫ್ರಿಕಾ ಮತ್ತೆ ನಮ್ಮೂರು: ಇದರ ಬಗ್ಗೆ ಗೊತ್ತಿರೋರು ಮಾತಾಡಿ

ಹಲಸೂರು_ಕೆರೆದಂಡೆ:
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತಿದ್ದಾಗ ಓದಿ. ಹೋದ ಶನಿವಾರ ಅಕ್ಕನ ಮಗನಿಗೆ ಶೂ ಕೊಡ್ಸೋಕೆ ಅಂತ ಬ್ರಿಗೇಡ್ ರೋಡಿಗೆ ಕರ್ಕೊಂಡು ಹೋಗಿದ್ದೆ. ರೆಸಿಡೆನ್ಸಿ ರೋಡ್ ಸೇರೋ ಮೂಲೆಲಿ ಒಂದು ಕಲ್ಲಿನ ಕಂಬ ಇದ್ಯಲ್ಲ, ಯುದ್ಧ ಸ್ಮಾರಕ, ಅದರ ಹತ್ರ ಸಿಗ್ನಲ್‌ಗೆ ನಿಂತಾಗ ಅವ್ನು "ಮಾಮ, ಇದು ಯಾರಿಗೆ ಕಟ್ಟಿದ್ದು, ಎಲ್ಲಿ ನಡೆದಿದ್ದು ಯುದ್ಧ" ಅಂದ. ಚಿಕ್ಕ ವಯಸ್ಸಿಂದ ಅದರ ಪಕ್ಕದಲ್ಲೇ ಓಡಾಡಿದೀನಿ, ಎಂಇಜಿ ಅನ್ನೋ ಸೇನಾ ಇಂಜಿನಿಯರ್‌ಗಳ ಕೇಂದ್ರದ ಬ್ಯೂಗಲ್ ಕೇಳ್ಕೊಂಡೇ ಬೆಳೆದೋನು ನಾನು, ಆದ್ರೂ ಬಾಯಲ್ಲಿ ಉತ್ತರ ಬರ್ಲಿಲ್ಲ.

ಮನೆಗೆ ಬಂದು ಒಂದು ವಾರ ಕೂತು ಓದಿದೆ. ಅದು ಪಯೋನಿಯರ್ ದಳದೋರ ನೆನಪಿಗೆ ಕಟ್ಟಿದ್ದು. ಸೇನೆ ಹೋಗೋ ದಾರಿಲಿ ಮುಂದೆ ಹೋಗಿ ರಸ್ತೆ ಕಡಿಯೋದು, ಸೇತುವೆ ಹಾಕೋದು, ಬೇಕಾದಾಗ ಬಂದೂಕನ್ನೂ ಹಿಡಿಯೋದು ಅವ್ರ ಕೆಲಸ. ಮದ್ರಾಸ್ ಪಯೋನಿಯರ್‌ಗಳಲ್ಲಿ 61ನೇ ದಳ 1914ರಲ್ಲಿ ಹೋಗಿದ್ದು ಆಫ್ರಿಕಾಗೆ! ಅಷ್ಟೇ ಅಲ್ಲ, ಅದೇ ಪಡೆ ಜೊತೆ 27ನೇ ಬ್ರಿಗೇಡ್ ಹೋಯ್ತು, ಅದರ ಹೆಸರೇ ಬೆಂಗಳೂರು ಬ್ರಿಗೇಡ್. ಅಕ್ಟೋಬರ್ ಮಧ್ಯದಲ್ಲಿ ಬಾಂಬೆಯಿಂದ ಹಡಗು ಹತ್ತಿ ನವೆಂಬರ್ ಶುರುಲಿ ಟಾಂಗಾ ಅನ್ನೋ ಬಂದರಿನಲ್ಲಿ ಇಳಿದ್ರು, ಆಗ ಅದು ಜರ್ಮನ್ ಪೂರ್ವ ಆಫ್ರಿಕಾ, ಈಗಿನ ತಾಂಜಾನಿಯಾ. ಬ್ರಿಟಿಷ್ ಕಡೆ ಸುಮಾರು 8,000 ಜನ, ಎದುರಿಗೆ ಜರ್ಮನ್ ಕಮ್ಯಾಂಡರ್ ಲೆಟ್ಟೋ-ಫೋರ್ಬೆಕ್ ಹತ್ರ ಸಾವಿರದಷ್ಟು ಜನ, ಅವ್ರಲ್ಲೂ ಬಹುಪಾಲು ಆಫ್ರಿಕನ್ ಸೈನಿಕರು, ಅಸ್ಕಾರಿ ಅಂತಾರೆ. ವಾರಗಟ್ಟಲೆ ಹಡಗಿನಲ್ಲಿ ಕೂತು ವಾಂತಿ ಮಾಡ್ಕೊಂಡು ಸುಸ್ತಾಗಿದ್ದೋರನ್ನ ಇಳಿಸಿದ್ದೇ ತೋಟ ಪೊದೆಗಳ ಒಳಗೆ ನುಗ್ಗಿಸಿದ್ರು, ಗುಂಡಿನ ಸದ್ದಿಗೆ ಹೆಜ್ಜೇನು ಎದ್ದು ಕಚ್ಚಿದ್ವು, 5ನೇ ತಾರೀಕಿಗೆ ಬಂದೂಕು ಗುಂಡು ಎಲ್ಲಾ ದಡದಲ್ಲೇ ಬಿಟ್ಟು ವಾಪಸ್ ಹಡಗು ಹತ್ತಿದ್ರು. ಸತ್ತೋರು, ಗಾಯ ಆದೋರು ಸೇರಿ 800ಕ್ಕೂ ಮೇಲೆ.

ನನ್ನ ತಲೆ ತಿಂತಿರೋದು ಇದು. ಜರ್ಮನಿ ಚಕ್ರವರ್ತಿಗೂ ಇಂಗ್ಲೆಂಡ್ ರಾಜನಿಗೂ ಜಗಳ. ಇಲ್ಲಿಂದ ಹೋದ ಬಡವ, ಅಲ್ಲಿದ್ದ ಬಡವ, ಇಬ್ರೂ ಒಬ್ರನ್ನೊಬ್ರು ಕೊಂದ್ರು. ನಾವು ಸ್ಕೂಲಲ್ಲಿ ಓದಿದ್ದು ಬ್ರಿಟಿಷರು ನಮ್ಮನ್ನ ಆಳಿದ್ರು ಅಂತ. ನಮ್ಮನ್ನ ಇಟ್ಕೊಂಡು ಬೇರೆಯವರನ್ನ ಆಳಿದ್ರು ಅನ್ನೋದನ್ನ ಯಾರೂ ಹೇಳ್ಲಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಹೆಚ್ಚು ಗೊತ್ತಿದ್ರೆ ಹೇಳಿ, ಹುಡುಗನಿಗೆ ಸರಿಯಾಗಿ ಉತ್ತರ ಕೊಡ್ಬೇಕು ನಾನು.

ಬಸವನಗುಡಿ_ಮೇಷ್ಟ್ರು:
ಒಳ್ಳೆ ಪ್ರಶ್ನೆ ಎತ್ತಿದ್ದೀರಿ. ಒಂದು ತಿದ್ದುಪಡಿ ಮೊದಲು: ಬೆಂಗಳೂರು ಬ್ರಿಗೇಡ್ ಅಂದ ತಕ್ಷಣ ಎಲ್ಲ ನಮ್ಮೂರವರು ಅಂತ ತಿಳ್ಕೋಬೇಡಿ. ಇಲ್ಲಿ ದಂಡು, ಅಂದರೆ ಬ್ರಿಟಿಷ್ ಸೇನೆಯ ನೆಲೆ ಇತ್ತು, ಹಾಗಾಗಿ ಆ ಹೆಸರು. ಅದರಲ್ಲಿ ಒಂದು ಪೂರ್ತಿ ಬಿಳಿಯರ ಪಟಾಲಮ್ಮೇ ಇತ್ತು, ಲ್ಯಾಂಕಾಷೈರ್‌ನವರು, ಉಳಿದವರು ಮದ್ರಾಸ್, ಬಾಂಬೆ, ಹೈದರಾಬಾದ್ ಕಡೆಯ ಪಡೆಗಳು. ಆದರೆ ನಿಮ್ಮ ಮಾತಿನ ತಿರುಳು ಸರಿಯಾಗಿದೆ, ಮತ್ತೆ ಇದು 1914ರಲ್ಲಿ ಶುರುವಾಗಿದ್ದಲ್ಲ.

ನಿಮ್ಮ ಮನೆ ಹತ್ತಿರದ ಎಂಇಜಿ ಇದೆಯಲ್ಲ, ಅದರ ಹಿಂದಿನ ಹೆಸರು ಮದ್ರಾಸ್ ಸ್ಯಾಪರ್ಸ್, 1834ರಿಂದ ಅವರ ನೆಲೆ ಬೆಂಗಳೂರು. ಅವರ ಯುದ್ಧ ಗೌರವಗಳ ಪಟ್ಟಿ ನೋಡಿ: ಅಬಿಸೀನಿಯಾ, ತೆಲ್-ಎಲ್-ಕೆಬೀರ್, ಸುವಾಕಿನ್. ಮೂರೂ ಆಫ್ರಿಕಾ. 1868ರಲ್ಲಿ ಇಥಿಯೋಪಿಯಾದ ದೊರೆ ತೆವೊದ್ರೋಸ್ ಬ್ರಿಟಿಷ್ ಕಾನ್ಸಲ್‌ನನ್ನು ಸೆರೆ ಇಟ್ಟ ಅಂತ ನೇಪಿಯರ್ ಅನ್ನೋ ಜನರಲ್ ಇಂಡಿಯಾದಿಂದಲೇ ದಂಡು ತಗೊಂಡು ಹೋದ, ಸುಮಾರು 13,000 ಸೈನಿಕರು, ಫಿರಂಗಿ ಹೊರೋಕೆ ನಮ್ಮ ಆನೆಗಳೂ ಹಡಗಿನಲ್ಲಿ ಹೋದವು. ಮಕ್ದಲಾ ಕೋಟೆ ಬಿದ್ದಾಗ ದೊರೆ ತಾನೇ ಗುಂಡು ಹಾರಿಸಿಕೊಂಡು ಸತ್ತ. ಆಮೇಲೆ ಲೂಟಿ. ಕಿರೀಟ, ಚರ್ಮದ ಮೇಲೆ ಬರೆದ ಹಸ್ತಪ್ರತಿ, ಚರ್ಚಿನ ಪಾತ್ರೆ ಪಡಗ ಎಲ್ಲ 15 ಆನೆ, ಸುಮಾರು 200 ಹೇಸರಗತ್ತೆ ಮೇಲೆ ಹೇರಿಕೊಂಡು ಬಂದರು. ಎಷ್ಟೋ ಸಾಮಾನು ಇವತ್ತಿಗೂ ಲಂಡನ್ ಮ್ಯೂಸಿಯಂಗಳಲ್ಲಿವೆ. ನಮ್ಮ ಕಾಡಿನ ಆನೆ ಬೇರೆ ಯಾರದೋ ದೇವರ ಸಾಮಾನು ಹೊತ್ತಿತಲ್ಲ ಅಂತ ನನಗೆ ಓದಿದಾಗೆಲ್ಲ ಸಂಕಟ ಆಗತ್ತೆ. ಆ ಸೈನಿಕರ ಮಾಮೂಲು ಸಂಬಳ ಇಂಡಿಯಾ ಖಜಾನೆಯಿಂದಲೇ ಹೋಯಿತು, ಅಂದರೆ ಇಲ್ಲಿಯ ರೈತನ ಕಂದಾಯ.

ಇನ್ನೊಂದು. ನೀವು ನಿಂತಿದ್ದ ರಸ್ತೆಯ ಹೆಸರೇ ರೆಸಿಡೆನ್ಸಿ ರೋಡ್. ಮಹಾರಾಜರು ಸಿಂಹಾಸನದಲ್ಲಿ, ದಿವಾನರು ಕಚೇರಿಯಲ್ಲಿ, ಕಡೆಯ ಮಾತು ಮಾತ್ರ ಬ್ರಿಟಿಷ್ ಸರ್ಕಾರದ ಪ್ರತಿನಿಧಿ ರೆಸಿಡೆಂಟ್ ಸಾಹೇಬನದು, ಇದು ಸಂಸ್ಥಾನಗಳ ಪದ್ಧತಿ. ಫ್ರೆಡ್ರಿಕ್ ಲುಗಾರ್ಡ್ ಅಂತ ಒಬ್ಬ, ಹುಟ್ಟಿದ್ದು 1858ರಲ್ಲಿ ಮದರಾಸಿನಲ್ಲಿ, ಇಲ್ಲಿಯ ಸೈನ್ಯದಲ್ಲೇ ಕೆಲಸ ಶುರು ಮಾಡಿದವನು. 1900ರಿಂದ ಉತ್ತರ ನೈಜೀರಿಯಾ ಅವನ ಕೈಗೆ ಬಂತು. ಅಲ್ಲಿಯ ಅಮೀರರನ್ನು ಗದ್ದುಗೆ ಮೇಲೇ ಬಿಟ್ಟು ಪಕ್ಕದಲ್ಲಿ ಒಬ್ಬೊಬ್ಬ ಬ್ರಿಟಿಷ್ ಅಧಿಕಾರಿಯನ್ನು ಕೂರಿಸಿದ. ಆ ಅಧಿಕಾರಿಯ ಹುದ್ದೆಯ ಹೆಸರೂ ರೆಸಿಡೆಂಟ್.

ವೈಟ್‌ಫೀಲ್ಡ್_ಹುಡುಗ:
ಮೇಷ್ಟ್ರೇ, ಗೌರವ ಇಟ್ಕೊಂಡೇ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ತಪ್ಪು ಮಾಡಿದ್ರು ಒಪ್ತೀನಿ, ಆದ್ರೆ ಎಲ್ಲಾ ಬರೀ ಲೂಟಿ ಅಂತ ಹೇಳೋಕಾಗತ್ತಾ? ದಂಡು ಪ್ರದೇಶ, ಕಬ್ಬನ್ ಪಾರ್ಕು, ರೈಲು, ಇಂಗ್ಲಿಷು, ಇವೆಲ್ಲ ಇಲ್ದೇ ಇದ್ದಿದ್ರೆ ಇವತ್ತು ನಾನು ಮಾಡ್ತಿರೋ ಕೆಲ್ಸ ಈ ಊರಿಗೆ ಬರ್ತಿತ್ತಾ? ಆಫ್ರಿಕಾ ಕಥೆ ಬೇರೆ, ಅಲ್ಲಿ ಕೈ ಕಡಿದ್ರು, ಜನಾಂಗಾನೇ ಮುಗಿಸಿದ್ರು. ಅದಕ್ಕೆ ಹೋಲಿಸಿದ್ರೆ ನಮ್ ಕಡೆ, ಅದ್ರಲ್ಲೂ ಮೈಸೂರು ಸಂಸ್ಥಾನದಲ್ಲಿ, ಸ್ವಲ್ಪ ಮೆತ್ತಗೇ ಇತ್ತು ಅಂತ ನನ್ ಅಭಿಪ್ರಾಯ. ನಮ್ ತಾತ ಕೂಡ ಸಾಹೇಬ್ರ ಕಾಲ ಶಿಸ್ತಾಗಿತ್ತು ಅಂತಿದ್ರು.

ಧಾರವಾಡ_ಪೇಢಾ:
ತಮ್ಮಾ, ಮೆತ್ತಗ ಇತ್ತು ಅನ್ನೂದನ್ನ ಕಿತ್ತೂರಿಗೆ ಬಂದು ಹೇಳು ಒಮ್ಮೆ. ನಾ ಈಗ ಇಪ್ಪತ್ತು ವರ್ಷ ಆತು ಬೆಂಗಳೂರಾಗ ಅದೀನಿ, ಖರೇ ಹೇಳಬೇಕಂದ್ರ ಇಲ್ಲಿ ಮಂದಿಗೆ ಬ್ರಿಟಿಷರು ಅಂದ್ರ ಬಂಗಲೆ, ಪಾರ್ಕು, ಕೇಕು ಅಷ್ಟ ನೆನಪಾಗ್ತದ. ನಮ್ಮ ಕಡೆ ಹಂಗಲ್ಲ.

1824ನೇ ಇಸ್ವಿ ತಗೋ. ಕಿತ್ತೂರಿನ ದೊರೆ ತೀರಿಕೊಂಡ, ದತ್ತು ಮಗನ್ನ ಕಂಪನಿ ಒಪ್ಪಲಿಲ್ಲ, ಖಜಾನೆಗೆ ಬೀಗಾ ಹಾಕಾಕ ಬಂದ ಕಲೆಕ್ಟರ್ ಥ್ಯಾಕರೆ ಅಕ್ಟೋಬರ್ 23ಕ್ಕ ಕೋಟಿ ಮುಂದ ಸತ್ತ. ಅದ ವರ್ಷ ಜನವರಿ 21ಕ್ಕ ಪಶ್ಚಿಮ ಆಫ್ರಿಕಾದಾಗ, ಈಗಿನ ಘಾನಾ, ಅಶಾಂತಿ ಸೈನ್ಯ ಬ್ರಿಟಿಷ್ ಗವರ್ನರ್ ಮೆಕಾರ್ಥಿನ್ನ ಯುದ್ಧದಾಗ ಕೊಂದಿತ್ತು. ಒಂದ ವರ್ಷದಾಗ ಎರಡೂ ಕಡೆ ಸೊಕ್ಕು ಮುರದಿದ್ರು ನೋಡು, ಇವ್ರಿಗೆ ಅವ್ರ ಸುದ್ದಿಲ್ಲ, ಅವ್ರಿಗೆ ಇವ್ರ ಸುದ್ದಿಲ್ಲ. ಮುಂದ 1900ರಾಗ ಅಶಾಂತಿ ಮಂದಿಯ ಬಂಗಾರದ ಪೀಠಾನ ತಂದು ಕೊಡ್ರಿ, ಅದರ ಮ್ಯಾಲ ನಾ ಕೂಡ್ತೀನಿ ಅಂತ ಗವರ್ನರ್ ಹಾಡ್ಜ್‌ಸನ್ ಕೇಳಿದ. ಆ ಪೀಠ ಅಂದ್ರ ಅವ್ರಿಗೆ ಇಡೀ ಕುಲದ ಜೀವ ಇದ್ದಂಗ, ಅವ್ರ ಅರಸನೂ ಅದರ ಮ್ಯಾಲ ಕೂಡೂದಿಲ್ಲ. ಆವಾಗ ಯಾ ಅಸಾಂತೆವಾ ಅನ್ನೂ ರಾಜಮಾತೆ ಎದ್ದು ಯುದ್ಧ ಮಾಡಿದ್ಲು. ಆಕಿನ್ನ ಹಿಡದು ಸೇಶೆಲ್ಸ್ ದ್ವೀಪಕ್ಕ ಒಯ್ದ್ರು, 1921ರಾಗ ಅಲ್ಲೇ ತೀರಿಕೊಂಡ್ಲು. ನಮ್ಮ ಚೆನ್ನಮ್ಮ ಬೈಲಹೊಂಗಲದ ಸೆರಿಯಾಗ ತೀರಿಕೊಂಡಂಗ. ನನಗ ಇದನ್ನ ಓದಿದ ದಿನ ರಾತ್ರಿ ನಿದ್ದಿ ಹತ್ತಲಿಲ್ಲ.

ಇನ್ನ ಒಳ್ಳೇದೂ ಮಾಡ್ಯಾರ ಅಂದ್ರ, ಕಿಟ್ಟೆಲ್ ಸಾಹೇಬ್ರ ನಿಘಂಟು ನಾ ದಿನಾ ತೆಗೀತೀನಿ, 1894ರದ್ದು, ಅವ್ರಿಗೆ ಕೈ ಮುಗೀತೀನಿ. ಆದ್ರ ಅವ್ರು ಬ್ರಿಟಿಷ್ ಸರಕಾರದವ್ರಲ್ಲ, ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿ. ಅದ ಮಿಶನ್ನಿನ ಕ್ರಿಸ್ಟಾಲರ್ ಅನ್ನಾವ ಘಾನಾದಾಗ ಅಶಾಂತಿ ಮಂದಿಯ ಟ್ವಿ ಭಾಷಾಕ್ಕ 1881ರಾಗ ನಿಘಂಟು ಮಾಡ್ಯಾನ. ಒಬ್ಬ ಮನುಷ್ಯಾ ಮನಸ್ಸಿಟ್ಟು ಮಾಡಿದ ಕೆಲಸಾನ ತಂದು ರಾಜ್ಯಭಾರದ ಲೆಕ್ಕಕ್ಕ ಜಮಾ ಮಾಡಬ್ಯಾಡ.

ಬಸವನಗುಡಿ_ಮೇಷ್ಟ್ರು:
ವೈಟ್‌ಫೀಲ್ಡ್ ಹುಡುಗ, ಬೇಜಾರೇನಿಲ್ಲಪ್ಪ, ನಾನು 31 ವರ್ಷ ಪಾಠ ಮಾಡಿದೀನಿ, ಪ್ರತಿ ಬ್ಯಾಚಲ್ಲೂ ಈ ಪ್ರಶ್ನೆ ಬರ್ತಿತ್ತು, ಬರಬೇಕು ಕೂಡ.

ರೈಲಿನಿಂದ ಶುರು ಮಾಡೋಣ. ಬೆಂಗಳೂರಿಗೆ ರೈಲು ಬಂದಿದ್ದು 1864ರಲ್ಲಿ, ಜೋಲಾರಪೇಟೆ ಕಡೆಯಿಂದ. ಬಂದು ನಿಂತಿದ್ದು ಪೇಟೆಗಲ್ಲ, ದಂಡಿಗೆ. ಆ ಕಾಲದ ರೈಲು ಕಂಪನಿಗಳಿಗೆ ದುಡ್ಡು ಹಾಕಿದ ಇಂಗ್ಲೆಂಡಿನವರಿಗೆ ವರ್ಷಕ್ಕೆ ನೂರಕ್ಕೆ 5ರ ಹಾಗೆ ಲಾಭ ಕೊಟ್ಟೇ ಕೊಡ್ತೀವಿ ಅಂತ ಸರ್ಕಾರ ಮುಚ್ಚಳಿಕೆ ಬರೆದುಕೊಟ್ಟಿತ್ತು. ರೈಲು ನಷ್ಟದಲ್ಲಿ ಓಡಿದರೆ ಆ 5 ರೂಪಾಯಿ ತುಂಬೋರು ಯಾರು? ಇಲ್ಲಿಯ ಕಂದಾಯ ಕಟ್ಟೋ ರೈತ. ಹಾಗಿದ್ದಾಗ ಖರ್ಚು ಕಮ್ಮಿ ಮಾಡಬೇಕು ಅಂತ ಕಂಪನಿಗೆ ಯಾಕನ್ನಿಸತ್ತೆ. ಕಂಬಿ, ಇಂಜಿನ್ ಎಲ್ಲ ಅಲ್ಲಿಂದಲೇ ಬರ್ತಿತ್ತು. ಆಫ್ರಿಕಾದಲ್ಲಿ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ತನಕ 1896ರಿಂದ 1901ರವರೆಗೆ ರೈಲು ದಾರಿ ಹಾಕಿದರು, ಅದಕ್ಕೆ ಇಂಡಿಯಾದಿಂದ ಹೋದ ಕೂಲಿಗಳು ಸುಮಾರು 32,000, ಅವರಲ್ಲಿ ಹತ್ತಿರ ಹತ್ತಿರ 2,500 ಜನ ಅಲ್ಲೇ ಮಣ್ಣಾದರು. ಆ ಕೂಲಿಗಳನ್ನ ಕೊಂದು ತಿಂದ ತ್ಸಾವೊ ಸಿಂಹಗಳ ಕಥೆ ಎಲ್ಲರಿಗೂ ಗೊತ್ತು, ಸಿಂಹಕ್ಕಿಂತ ಜ್ವರ, ಭೇದಿ, ಅಪಘಾತ ತಿಂದಿದ್ದೇ ಜಾಸ್ತಿ. ರೈಲು ಬಂದ ಮೇಲೆ ಅದರ ಪಕ್ಕದ ಒಳ್ಳೆ ಎತ್ತರದ ಜಮೀನನ್ನು ಆಫ್ರಿಕನ್ನರ ಕೈಯಿಂದ ಕಿತ್ತು ಬಿಳಿ ವಲಸಿಗರಿಗೆ ಹಂಚಿದರು. ಇಂಡಿಯನ್ನರಿಗೂ ಅಲ್ಲಿ ಜಮೀನು ಕೊಡಲಿಲ್ಲ ಅನ್ನೋದು ಬೇರೆ ಮಾತು.

ಇನ್ನು ಮೆತ್ತಗಿನ ಆಡಳಿತ. ಮೈಸೂರನ್ನು 1831ರಿಂದ 1881ರವರೆಗೆ 50 ವರ್ಷ ಬ್ರಿಟಿಷ್ ಕಮಿಷನರುಗಳೇ ಆಳಿದರು, ಮಹಾರಾಜರಿಗೆ ಅಧಿಕಾರ ಇರಲಿಲ್ಲ. ಆ 50 ವರ್ಷದ ಕೊನೆಗೆ ಬಂದಿದ್ದು ಧಾತು ಈಶ್ವರದ ಬರ, 1876ರಿಂದ 78. ಈ ಹೆಸರು ಈಗಿನವರಿಗೆ ಗೊತ್ತೇ ಇಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನ ಸುಮಾರು 50 ಲಕ್ಷ. 1881ರಲ್ಲಿ 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಸೀಮೆ 8 ಲಕ್ಷ ಕಳೆದುಕೊಂಡಿತು. ರೈಲು ಬೆಂಗಳೂರಿಗೆ ಬಂದು ಆಗಲೇ 12 ವರ್ಷ ಆಗಿತ್ತು, ಉಳಿಸಿತಾ? ಜನ ಹೀಗೆ ಸಾಯುತ್ತಿದ್ದಾಗ 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಗೆ ಚಕ್ರವರ್ತಿನಿ ಪಟ್ಟ ಅಂತ ದರ್ಬಾರು ನಡೆಸಿದ. ಖರ್ಚು ಹಿಡಿತದಲ್ಲಿಡೋಕೆ ಮದ್ರಾಸಿಗೆ ಕಳಿಸಿದ್ದು ರಿಚರ್ಡ್ ಟೆಂಪಲ್‌ನನ್ನ, ಅವನು ಪರಿಹಾರದ ಕೆಲಸಕ್ಕೆ ಬರೋ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕು ಅಂದ. ಒಂದು ಪೌಂಡ್ ಅಂದರೆ ಅರ್ಧ ಕೇಜಿನೂ ಇಲ್ಲ. ಅಷ್ಟು ತಿಂದು ಕಲ್ಲು ಹೊಡೀಬೇಕು. ಕೈ ಕಡಿಯಲಿಲ್ಲ, ನಿಜ.

ವೈಟ್‌ಫೀಲ್ಡ್_ಹುಡುಗ:
50 ಲಕ್ಷದಿಂದ 42 ಲಕ್ಷ ಅನ್ನೋದು ನಂಗೆ ಗೊತ್ತಿರ್ಲಿಲ್ಲ ಮೇಷ್ಟ್ರೇ. ನಮ್ಮೂರು ಮಾಗಡಿ ಕಡೆ, ಊರಾಚೆ ಒಂದು ಹಳೇ ಕಟ್ಟೆನ ಬರದ ಕಟ್ಟೆ ಅಂತಿದ್ರು, ಯಾವ ಬರ ಅಂತ ಯಾವತ್ತೂ ಕೇಳಿರ್ಲಿಲ್ಲ. ಈ ಸಲ ಊರಿಗೆ ಹೋದಾಗ ದೊಡ್ಡಪ್ಪನ ಕೇಳ್ತೀನಿ.

ಕೆಜಿಎಫ್_ಮಗಳು:
ಓದ್ತಾ ಓದ್ತಾ ಬರೀಲೇಬೇಕು ಅನ್ನಿಸ್ತು. ನಮ್ಮ ತಾತ ಕೋಲಾರದ ಚಿನ್ನದ ಗಣಿಲಿ ಕೆಲಸ ಮಾಡಿದೋರು, ಅವರಪ್ಪ ಕೂಡ. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತಲ್ಲ, ಮೊದಲು ಬಂದಿದ್ದು ಗಣಿಗೆ, ಬೆಂಗಳೂರಿಗೆ ಬೀದಿ ದೀಪ ಬಂದಿದ್ದು 1905ಕ್ಕೆ. ಆ ವಿದ್ಯುತ್ ಕೆಲಸ ಮಾಡ್ಸಿದ್ದು ಮೈಸೂರು ಸರ್ಕಾರ, ಶೇಷಾದ್ರಿ ಅಯ್ಯರ್ ದಿವಾನಗಿರಿಲಿ ಶುರುವಾಗಿದ್ದು, ಅದು ನಮ್ಮೋರ ಸಾಧನೆ ಅಂತ ನಾನು ಯಾವಾಗ್ಲೂ ಹೇಳ್ತೀನಿ. ಆದ್ರೆ ಚಿನ್ನ ಹೋಗಿದ್ದು ಇಂಗ್ಲೆಂಡಿಗೆ, ಸಂಸ್ಥಾನಕ್ಕೆ ಸಿಕ್ಕಿದ್ದು ನೂರಕ್ಕೆ 5ರ ಲೆಕ್ಕದ ರಾಯಲ್ಟಿ. ನಮ್ಮಜ್ಜಿ ಮದುವೆ ಆಗಿ ಬಂದಾಗ ಕೂಲಿ ಲೈನ್ ಮನೆಲಿ ಇನ್ನೂ ಸೀಮೆಎಣ್ಣೆ ಬುಡ್ಡಿ.

ನಾನು ಹೇಳೋಕೆ ಬಂದಿದ್ದು ಬೆರಳಚ್ಚಿನ ವಿಷಯ. 1930ರಲ್ಲಿ ಗಣಿ ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸ್ಕೋಬೇಕು ಅಂದಾಗ ಇಡೀ ಕೆಜಿಎಫ್ ಮುಷ್ಕರ ಮಾಡ್ತು. ನಾವೇನು ಕಳ್ಳರಾ ಅನ್ನೋದು ಅವ್ರ ಮಾತು, ತಾತ ಅದನ್ನ ಹೇಳುವಾಗ ಬಲಗೈ ಹೆಬ್ಬೆರಳನ್ನ ಮುಷ್ಟಿ ಒಳಗೆ ಬಚ್ಚಿಟ್ಕೊಂಡು ತೋರಿಸ್ತಿದ್ರು, ಅವ್ರಿಗೆ ಆಗ ಚಿಕ್ಕ ವಯಸ್ಸು, ಅಪ್ಪ ಮಾಡಿದ್ದನ್ನ ನೋಡಿದ್ರಂತೆ. ದೊಡ್ಡೋಳಾದ್ಮೇಲೆ ನಾನು ಇದರ ಹಿಂದೆ ಬಿದ್ದೆ. ಕರಾರು ಪತ್ರದ ಮೇಲೆ ಕೈ ಗುರುತು ಒತ್ತಿಸ್ಕೊಳೋ ಪದ್ಧತಿನ ಬ್ರಿಟಿಷ್ ಅಧಿಕಾರಿ ಹರ್ಷೆಲ್ ಬಂಗಾಳದಲ್ಲಿ 1858ರಲ್ಲಿ ಶುರು ಮಾಡ್ದ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚಿನ ಕಚೇರಿ ಆಯ್ತು, ಅದನ್ನ ಬೆಳೆಸಿದ ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿನ 1900ರಲ್ಲಿ ಎಲ್ಲಿಗೆ ಕಳಿಸಿದ್ರು ಹೇಳಿ? ದಕ್ಷಿಣ ಆಫ್ರಿಕಾಗೆ, ಜೋಹಾನ್ಸ್‌ಬರ್ಗ್‌ನ ಪೊಲೀಸ್ ವ್ಯವಸ್ಥೆ ಕಟ್ಟೋಕೆ, ಅದೂ ಚಿನ್ನದ ಗಣಿ ಊರು. 1906ರಲ್ಲಿ ಅದೇ ಟ್ರಾನ್ಸ್‌ವಾಲ್‌ನಲ್ಲಿ ಏಷ್ಯಾದವರೆಲ್ಲ ಬೆರಳಚ್ಚು ಕೊಡ್ಬೇಕು ಅಂತ ಕಾನೂನು ತಂದಿದ್ದಕ್ಕೇ ಗಾಂಧೀಜಿ ಸತ್ಯಾಗ್ರಹ ಶುರುವಾಗಿದ್ದು. ಕೀನ್ಯಾದಲ್ಲಿ ಮೊದಲ ಮಹಾಯುದ್ಧ ಮುಗಿದ್ಮೇಲೆ ಆಫ್ರಿಕನ್ ಗಂಡಸರು ಕಿಪಾಂಡೆ ಅನ್ನೋ ಪಾಸನ್ನ, ಬೆರಳಚ್ಚು ಹಾಕಿರೋದು, ತಗಡಿನ ಡಬ್ಬಿಲಿಟ್ಟು ಕತ್ತಿಗೆ ನೇತಾಕ್ಕೊಂಡು ಓಡಾಡ್ಬೇಕಿತ್ತು. ಬಂಗಾಳದಲ್ಲಿ ಹುಟ್ಟಿದ್ದು ಆಫ್ರಿಕಾ ಸುತ್ಕೊಂಡು ಬಂದು ನಮ್ಮ ಮುತ್ತಜ್ಜನ ಹೆಬ್ಬೆರಳಿಗೆ ನಿಂತಿದೆ. ನಾನು ಇದನ್ನ ಬರೆಯುವಾಗ್ಲೂ ಕೈ ನಡುಗ್ತಿದೆ, ಕ್ಷಮಿಸಿ, ತಪ್ಪಿದ್ರೆ ತಿದ್ದಿ.

ಹಲಸೂರು_ಕೆರೆದಂಡೆ:
ಅಕ್ಕ, ನಿಮ್ಮ ಮುತ್ತಜ್ಜನ ಆ ಮುಷ್ಟಿ ನನ್ನ ಕಣ್ಮುಂದೆನೇ ಇದೆ. ದಯವಿಟ್ಟು ಇದನ್ನೆಲ್ಲ ಎಲ್ಲಾದ್ರೂ ಬರೆದಿಡಿ.

ಕೈ ಕಡಿದ ವಿಷಯ ಬಂತಲ್ಲ, ಅದು ಕಾಂಗೋ. 1884ರ ನವೆಂಬರ್‌ನಿಂದ 1885ರ ಫೆಬ್ರವರಿ ತನಕ ಬರ್ಲಿನ್‌ನಲ್ಲಿ 14 ದೇಶದೋರು ಕೂತು ಆಫ್ರಿಕಾ ಹಂಚ್ಕೊಳೋಕೆ ನಿಯಮ ಮಾಡ್ಕೊಂಡ್ರು, ಆ ಮೇಜಿನ ಸುತ್ತ ಒಬ್ಬನೇ ಒಬ್ಬ ಆಫ್ರಿಕನ್ ಇರ್ಲಿಲ್ಲ. ಬೆಲ್ಜಿಯಂ ದೊರೆ ಲಿಯೊಪೋಲ್ಡ್‌ಗೆ ಕಾಂಗೋ ಸಿಕ್ತು, ಬೆಲ್ಜಿಯಂ ದೇಶಕ್ಕಲ್ಲ, ಅವನೊಬ್ಬನ ಸ್ವಂತ ಆಸ್ತಿ ತರ. ಸೈಕಲ್, ಮೋಟಾರ್ ಟಯರ್‌ಗೆ ರಬ್ಬರ್ ಬೇಕಿತ್ತು. ಊರೂರಿಗೆ ಇಷ್ಟು ರಬ್ಬರ್ ಕಾಡಿಂದ ತರ್ಬೇಕು ಅಂತ ಲೆಕ್ಕ, ತರದೇ ಇದ್ರೆ ಹೆಂಡ್ತಿ ಮಕ್ಕಳನ್ನ ಒತ್ತೆ ಇಟ್ಕೊಳೋದು. ಸೈನಿಕರಿಗೆ ಕೊಟ್ಟ ಒಂದೊಂದು ಗುಂಡಿಗೂ ಲೆಕ್ಕ ಕೊಡ್ಬೇಕು, ಗುಂಡು ವೇಸ್ಟ್ ಆಗಿಲ್ಲ ಅಂತ ತೋರಿಸೋಕೆ ಸತ್ತೋರ ಕೈ ಕಡಿದು ತರ್ತಿದ್ರು, ಬೇಟೆಗೆ ಗುಂಡು ಹಾರಿಸಿದ್ರೆ ಲೆಕ್ಕ ಸರಿ ಮಾಡೋಕೆ ಬದುಕಿರೋರ ಕೈಗೇ ಕತ್ತಿ. 1908ರಲ್ಲಿ ಪ್ರಪಂಚವೆಲ್ಲ ಛೀ ಥೂ ಅಂದ್ಮೇಲೆ ಅವನ ಕೈಯಿಂದ ಬೆಲ್ಜಿಯಂ ಸರ್ಕಾರ ತಗೊಳ್ತು. ಈಗಿನ ನಮೀಬಿಯಾದಲ್ಲಿ 1904ರಿಂದ 1908ರ ಒಳಗೆ ಜರ್ಮನ್ನರು ಹೆರೆರೊ, ನಾಮಾ ಜನರನ್ನ ಮರುಭೂಮಿಗೆ ಅಟ್ಟಿ ನೀರಿಲ್ಲದಂಗೆ ಸಾಯಿಸಿದ್ರು, ಅದು ನರಮೇಧ ಅಂತ ಜರ್ಮನಿ ಸರ್ಕಾರ ಒಪ್ಪಿದ್ದು 2021ರಲ್ಲಿ. ಕೀನ್ಯಾದಲ್ಲಿ 1950ರ ದಶಕದಲ್ಲಿ ಬ್ರಿಟಿಷರ ವಿರುದ್ಧ ಎದ್ದ ಮೌ ಮೌ ದಂಗೆ ಕಾಲದಲ್ಲಿ ಹಿಂಸೆ ಅನುಭವಿಸಿದ 5,228 ಜನಕ್ಕೆ ಬ್ರಿಟನ್ ಪರಿಹಾರ ಕೊಡೋಕೆ ಒಪ್ಪಿದ್ದು 2013ರಲ್ಲಿ, ಅದೂ ಆ ಮುದುಕರು ಲಂಡನ್ ಕೋರ್ಟಿಗೆ ಹೋದ್ಮೇಲೆ.

ಯಲ್ಲಾಪುರ_ಕಾಡು:
ನಮ್ಮ ಬದಿಯ ಒಂದು ವಿಷಯ ಸೇರಿಸ್ತೆ. ಎಲ್ಲರೂ ಇಲ್ಲಿಂದ ಅಲ್ಲಿಗೆ ಹೋದವರ ಬಗ್ಗೆಯೇ ಮಾತಾಡ್ತಾ ಇದ್ದೀರಿ, ಅಲ್ಲಿಂದ ಇಲ್ಲಿಗೆ ಬಂದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡಿನ ಸಿದ್ದಿಗಳು. ಗೋವಾ ಪೋರ್ಚುಗೀಸರ ಕೈಗೆ ಹೋದದ್ದು 1510ರಲ್ಲಿ, ಪೂರ್ವ ಆಫ್ರಿಕಾದಿಂದ ಜನರನ್ನ ಹಿಡಿದು ತಂದು ಅಲ್ಲಿ ಮಾರ್ತಿದ್ರು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದ್ರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಇದ್ದಾರೆ. ಪರಿಶಿಷ್ಟ ಪಂಗಡ ಅಂತ ಸೇರಿಸಿದ್ದು 2003ರಲ್ಲಿ. ನನ್ನ ಜೊತೆ ಶಾಲೆಗೆ ಬರ್ತಿದ್ದ ಗೆಳೆಯ ಈಗ ಬೆಂಗಳೂರಲ್ಲೇ ಕೆಲಸಕ್ಕಿದ್ದಾನೆ, ಶುದ್ಧ ಕನ್ನಡದಲ್ಲಿ ಬಾಡಿಗೆ ಮನೆ ಕೇಳಿದ್ರೂ ಯಾವ ದೇಶ, ಪಾಸ್‌ಪೋರ್ಟ್ ತೋರಿಸು ಅಂತಾರೆ. ಐದು ನೂರು ವರ್ಷ ಆಗ್ತಾ ಬಂತು ಮಾರಾಯ್ರೆ.

ಚಿಕ್ಕಬಾಣಾವರ_ಅಮ್ಮ:
ನಾನು ಹೆಚ್ಚು ಓದಿದೋಳಲ್ಲ, ಮಗಳು ಈ ಚರ್ಚೆ ಓದಿ ಹೇಳಿದ್ಲು, ಅವಳ ಕೈಲೇ ಟೈಪ್ ಮಾಡಿಸ್ತಿದೀನಿ. ನಮ್ಮ ಮೇಲಿನ ಮನೆಲಿ ತಾಂಜಾನಿಯಾದ ಒಬ್ಬ ಹುಡುಗಿ ಬಾಡಿಗೆಗೆ ಇದಾಳೆ, ನರ್ಸಿಂಗ್ ಓದ್ತಾಳೆ. 2016ರಲ್ಲಿ ಸೋಲದೇವನಹಳ್ಳಿ ಹತ್ರ ತಾಂಜಾನಿಯಾದ ವಿದ್ಯಾರ್ಥಿನಿ ಮೇಲೆ ಜನ ಗುಂಪು ಕಟ್ಕೊಂಡು ಹಲ್ಲೆ ಮಾಡಿದ್ರಲ್ಲ, ಯಾರೋ ಮಾಡಿದ ಆಕ್ಸಿಡೆಂಟಿಗೆ, ಅವಳಿಗೆ ಸಂಬಂಧಾನೇ ಇರ್ಲಿಲ್ಲ. ಅವತ್ತಿಂದ ನಮ್ಮ ಬೀದಿಲಿ ಆಫ್ರಿಕಾದೋರಿಗೆ ಮನೆ ಕೊಡೋಕೆ ಜನ ಹಿಂದೆ ಮುಂದೆ ನೋಡ್ತಾರೆ, ಏಟು ತಿಂದೋರ ಮೇಲೇ ಅನುಮಾನ. ನಾವು ಕೊಟ್ವಿ.

ನಿನ್ನೆ ಅವಳಿಗೆ ಟಾಂಗಾ ಗೊತ್ತಾ ಅಂತ ಮಗಳು ಕೇಳಿದ್ಲು. ಗೊತ್ತು, ನಮ್ಮ ದೊಡ್ಡಮ್ಮನ ಊರು ಆ ಕಡೆ ಅಂದ್ಲು. ಅವಳಿರೋದು ದಾರ್-ಎಸ್-ಸಲಾಮ್‌ನಲ್ಲಿ, ಅಲ್ಲಿ ನಮ್ಮ ಕೆ.ಆರ್. ಮಾರ್ಕೆಟ್ ತರ ದೊಡ್ಡ ಮಾರ್ಕೆಟ್ ಇದೆಯಂತೆ, ಕರಿಯಾಕೋ ಅಂತ ಹೆಸರು. ಅದು ಕ್ಯಾರಿಯರ್ ಕೋರ್ ಅನ್ನೋದು ಜನರ ಬಾಯಲ್ಲಿ ಹಂಗಾಗಿದ್ದಂತೆ, ಆ ಯುದ್ಧದಲ್ಲಿ ಬ್ರಿಟಿಷರ ಸಾಮಾನು ತಲೆ ಮೇಲೆ ಹೊತ್ತ ಆಫ್ರಿಕಾದ ಕೂಲಿಗಳು ಇದ್ದ ಜಾಗ. ಹತ್ತಾರು ಸಾವಿರ ಜನ ಹೊತ್ತು ಹೊತ್ತು, ಹಸಿವು ಕಾಯಿಲೆಲಿ ಸತ್ತರಂತೆ. ನಿಮ್ಮ ಬ್ರಿಗೇಡ್ ರೋಡ್ ಕಂಬದ ಯುದ್ಧಾನೇ ಅದು.

ಮಾತಾಡ್ತಾ ಊಟದ ಮೇಜು ಒರೆಸ್ತಿದ್ದೆ, ಇದಕ್ಕೆ ನಿಮ್ಮಲ್ಲಿ ಏನಂತೀರ ಅಂದೆ, ಮೇಜಾ ಅಂದ್ಲು. ನಾನು ನಮ್ಮದನ್ನೇ ಹೇಳ್ತಿದಾಳೆ ಅಂದ್ಕೊಂಡೆ, ಇಲ್ಲ ಆಂಟಿ, ಸ್ವಾಹಿಲಿಲೂ ಮೇಜಾನೇ ಅಂದ್ಲು. ಎರಡೂ ಪೋರ್ಚುಗೀಸರಿಂದ ಬಂದಿದ್ದಂತೆ. ಅಂಗಡಿಗೆ ಡುಕಾ, ಗಾಡಿಗೆ ಗಾರಿ, ಚಪಾತಿಗೆ ಚಪಾತಿನೇ, ಅವು ನಮ್ಮ ಕಡೆಯಿಂದ ಹೋಗಿದ್ದು.

ಹಲಸೂರು_ಕೆರೆದಂಡೆ:
ಅಮ್ಮ, ಅವಳಿಗೆ ಅಭ್ಯಂತರ ಇಲ್ಲ ಅಂದ್ರೆ ಒಂದು ಶನಿವಾರ ಆ ಸ್ಮಾರಕದ ಹತ್ರ ಬರೋಕಾಗತ್ತಾ ಕೇಳ್ತೀರಾ? ಅಕ್ಕನ ಮಗನನ್ನೂ ಕರ್ಕೊಂಡು ಬರ್ತೀನಿ. ಕರಿಯಾಕೋ ಕಥೆ ಅವ್ನಿಗೆ ನಾನು ಹೇಳೋದಕ್ಕಿಂತ ಅವಳ ಬಾಯಲ್ಲೇ ಕೇಳ್ಲಿ.

ಚಿಕ್ಕಬಾಣಾವರ_ಅಮ್ಮ:
ಕೇಳ್ದೆ. ಮುಂದಿನ ವಾರ ಎಕ್ಸಾಮ್ ಇದೆ, ಮುಗಿಸ್ಕೊಂಡು ಬರ್ತಾಳಂತೆ. ನಾನೂ ಬರ್ತೀನಿ, ನಾನೂ ನೋಡಿಲ್ಲ ಆ ಕಂಬನ.